ಮೇಲುಕೋಟೆಯ ಪುಳಿಯೋಗರೆಯೂ ಶ್ರೀವೈಷ್ಣವರೂ

ಒಂದು ಜನಾಂಗದ ಹೆಸರಿನೊಡನೆ ಒಂದು ಭಕ್ಷ್ಯದ ಹೆಸರು ಸೇರಿಹೋಗುವುದು ಲೋಕದಲ್ಲಿ ಅಪೂರ್ವವಲ್ಲ. ಹಾಗೆ ಸೇರಿದ ಮೇಲೆ ಆ ಸಂಬಂಧವು ಅನಾದಿಯೆಂಬಂತೆ ತೋರುತ್ತದೆ. ಅದಕ್ಕೊಬ್ಬ ಮೂಲಪುರುಷನೂ ಒಂದು ಐತಿಹ್ಯವೂ ಬೇಗನೆ ಒದಗುತ್ತವೆ. ಪುಳಿಯೋಗರೆಯೆಂದೊಡನೆ ಕನ್ನಡಿಗರಿಗೆ ಮೇಲುಕೋಟೆಯೂ ಅಯ್ಯಂಗಾರರೂ ನೆನಪಾಗುವುದು ಇಂಥ ಸಂಬಂಧಗಳಲ್ಲೊಂದು. ಇದು ಎಷ್ಟು ಹಳೆಯದು, ಯಾವ ಕಾರಣಗಳಿಂದ ಬೆಳೆಯಿತು ಎಂಬುದು ವಿಚಾರಾರ್ಹವಾದ ವಿಷಯ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯು ಕನ್ನಡನಾಡಿನ ಶ್ರೀವೈಷ್ಣವಮತಕ್ಕೆ ತೌರುಮನೆಯಂತಿದೆ. ಶ್ರೀರಾಮಾನುಜಾಚಾರ್ಯರು ಚೋಳದೇಶವನ್ನು ಬಿಟ್ಟು ಹೊಯ್ಸಳರಾಜ್ಯಕ್ಕೆ ಬಂದು, ತೊಣ್ಣೂರಿನಲ್ಲಿ ತಂಗಿ, ಆಮೇಲೆ ಯಾದವಗಿರಿಯಲ್ಲಿ ತಿರುನಾರಾಯಣನ ಸೇವೆಯನ್ನು ನೆಲೆಗೊಳಿಸಿದರೆಂದು ಗುರುಪರಂಪರೆಯ ಗ್ರಂಥಗಳು ಹೇಳುತ್ತವೆ. ವಿಷ್ಣುವರ್ಧನನ ಕಾಲಕ್ಕೆ ಸೇರಿದ ಈ ಘಟನೆಯನ್ನು ಸ್ಥೂಲವಾಗಿ ೧೨ನೆಯ ಶತಮಾನದ ಆದಿಭಾಗದಲ್ಲಿಡಬಹುದು. ತೊಣ್ಣೂರಿನ ನಂಬಿನಾರಾಯಣ, ಮೇಲುಕೋಟೆಯ ಚೆಲುವನಾರಾಯಣ, ನಾಗಮಂಗಲದ ಸೌಮ್ಯಕೇಶವ, ಶ್ರೀರಂಗಪಟ್ಟಣದ ರಂಗನಾಥ, ಇವರ ದೇವಾಲಯಗಳ ಸುತ್ತ ಶ್ರೀವೈಷ್ಣವ ಕುಟುಂಬಗಳು ನೆಲಸಿದುವು. ನಾಗಮಂಗಲದ ಬಳಿಯ ಬಿಂಡಿಗನವಿಲೆಯ ಹೆಸರು ಇಂದಿಗೂ ಹಲವು ಅಯ್ಯಂಗಾರ್ ಮನೆತನಗಳ ಹೆಸರಿನ ಮೊದಲಲ್ಲಿ ನಿಲ್ಲುತ್ತದೆ. ೧೫೧೬ರಲ್ಲಿ ಕೃಷ್ಣದೇವರಾಯನು ಮಂಡ್ಯವನ್ನು ಗೋವಿಂದರಾಜನೆಂಬ ಗುರುವಿಗೆ ಅಗ್ರಹಾರವಾಗಿ ಕೊಟ್ಟನು. ಮಂಡ್ಯಂ ಅಯ್ಯಂಗಾರರ ಹೆಸರಿಗೆ ಆ ಊರೇ ಮೂಲ.

ಪುಳಿಯೋಗರೆಯನ್ನು ಆಚಾರ್ಯರೇ ತಂದರೆಂಬ ನಂಬಿಕೆ ಜನರಲ್ಲುಂಟು. ಭಕ್ತಿಯ ದೃಷ್ಟಿಯಿಂದ ಇದು ಸಹಜವಾದರೂ ಇತಿಹಾಸದ ದೃಷ್ಟಿಯಿಂದ ಪರೀಕ್ಷಿಸತಕ್ಕದ್ದು. ಈಗಿನ ಪುಳಿಯೋಗರೆಯ ಪದಾರ್ಥಗಳನ್ನೇ ಸಾಕ್ಷಿಗೆ ಕರೆಯಬಹುದು. ಹುಣಸೆ, ಎಳ್ಳು, ಎಳ್ಳೆಣ್ಣೆ, ಮೆಣಸು, ಕೊತ್ತಂಬರಿ, ಮೆಂತ್ಯ, ಇಂಗು, ಕರಿಬೇವು, ಬೆಲ್ಲ, ಇವೆಲ್ಲ ದಕ್ಷಿಣದೇಶದಲ್ಲಿ ಹಿಂದಿನಿಂದ ಬಳಕೆಯಲ್ಲಿದ್ದುವು. ಆದರೆ ಅದಕ್ಕೆ ಬಣ್ಣವನ್ನೂ ಖಾರವನ್ನೂ ಕೊಡುವ ಒಣಮೆಣಸಿನಕಾಯಿಯು ಅಮೆರಿಕಾಖಂಡದ ಬೆಳೆ. ಪೋರ್ಚುಗೀಸರ ಹಡಗುಗಳ ಮೂಲಕ ೧೬ನೆಯ ಶತಮಾನದಲ್ಲಿ ಈ ದೇಶಕ್ಕೆ ಬಂದದ್ದು. ಒಗ್ಗರಣೆಯ ಕಡಲೆಕಾಯಿಯೂ ದಕ್ಷಿಣ ಅಮೆರಿಕದಿಂದಲೇ ಬಂದದ್ದು. ಆದಕಾರಣ ರಾಮಾನುಜರ ಕಾಲದಲ್ಲಿ ಹುಳಿಯನ್ನ ನೈವೇದ್ಯವಾಗುತ್ತಿತ್ತೆಂದೇ ಇಟ್ಟುಕೊಂಡರೂ, ಅದರ ಖಾರವು ಕರಿಮೆಣಸಿನದಾಗಿದ್ದಿರಬೇಕೇ ಹೊರತು ಮೆಣಸಿನಕಾಯಿಯದಲ್ಲ. ಈಗ ಮೇಲುಕೋಟೆಯ ಹೆಸರಿನಲ್ಲಿ ಪ್ರಸಿದ್ಧವಾಗಿರುವ ರುಚಿಯು ಆಚಾರ್ಯರ ಕಾಲಕ್ಕಿಂತ ನಾಲ್ಕು ಶತಮಾನಗಳಾದರೂ ಈಚಿನದು.

ಪದದ ವಿಚಾರವೂ ಇದೇ ಮಾತನ್ನು ಬೇರೊಂದು ಬಗೆಯಲ್ಲಿ ಹೇಳುತ್ತದೆ. ಹಳಗನ್ನಡದ ಪದಾದಿಯ ಪಕಾರವು ನಡುಗನ್ನಡದ ಕಾಲಕ್ಕೆ ಹಕಾರವಾಗಿ, ‘ಪುಳಿ’ಯೆಂಬುದು ಕನ್ನಡಿಗರ ಬಾಯಲ್ಲಿ ‘ಹುಳಿ’ಯಾಯಿತು. ‘ಪುಳಿಯೋಗರೆ’ಯಲ್ಲಿ ಪಕಾರ ಉಳಿದಿರುವುದಕ್ಕೆ, ಮನೆಯಲ್ಲಿ ತಮಿಳನ್ನಾಡುವ ಅಯ್ಯಂಗಾರರ ಬಳಕೆಯೇ ಕಾರಣವೆಂದು ಊಹಿಸಲು ಅವಕಾಶವುಂಟು. ಆದರೆ ತಮಿಳುನಾಡಿನಲ್ಲಿ ಇದಕ್ಕೆ ಪ್ರಚುರವಾದ ಹೆಸರು ‘ಪುಳಿಯೋದರೈ’. ಕನ್ನಡದ ಹೆಸರಿನ ಉತ್ತರಾರ್ಧವು ಅನ್ನ, ಊಟ ಎಂಬ ಅರ್ಥದ ‘ಓಗರ’ವನ್ನು ನೆನಪಿಗೆ ತರುತ್ತದೆ, ‘ಮೇಲೋಗರ’ದಲ್ಲಿ ಕಾಣುವ ಶಬ್ದವೂ ಇದೇ. ಹೀಗೆ ಒಂದೇ ಪದದಲ್ಲಿ ಎರಡು ಭಾಷೆಗಳು ಸಂಧಿಸಿರುವಂತೆ ತೋರುತ್ತದೆ. ವಲಸೆ ಬಂದ ಒಂದು ಸಮಾಜವು ನೆಲಸಿದ ನಾಡಿನೊಡನೆ ಬೆರೆತ ರೀತಿಗೆ ಇದು ತಕ್ಕ ಗುರುತು.

ಹಾಗಾದರೆ ದೇವರ ತಳಿಗೆಗಳಲ್ಲಿ ಸಕ್ಕರೆಪೊಂಗಲು, ಹುಗ್ಗಿ, ದಧ್ಯೋದನಗಳಿರಲಾಗಿ ಪುಳಿಯೋಗರೆಗೇ ಈ ಕೀರ್ತಿ ಹೇಗೆ ಬಂದಿತು? ಇದಕ್ಕೆ ಉತ್ತರವು ಮಡಪ್ಪಳ್ಳಿಯ ಕೆಲಸದ ಕ್ರಮದಲ್ಲಿದೆ. ಹುಣಸೆಯ ರಸವನ್ನು ಬೆಲ್ಲ, ಉಪ್ಪು, ಹುರಿದ ಪುಡಿ, ಎಣ್ಣೆಗಳೊಡನೆ ಗಟ್ಟಿಯಾಗಿ ಕುದಿಸಿದ ಗೊಜ್ಜು ಬಹುಕಾಲ ಕೆಡುವುದಿಲ್ಲ. ಹುಳಿಯೂ ಎಣ್ಣೆಯೂ ಕಾಪಾಡುವುದರಿಂದ, ಅದನ್ನು ಕಲಸಿದ ಅನ್ನವು ಸಹ ಮರುದಿನದವರೆಗೆ ನಿಲ್ಲುತ್ತದೆ. ಮೊಸರನ್ನಕ್ಕಾಗಲಿ ಹುಗ್ಗಿಗಾಗಲಿ ಈ ಗುಣವಿಲ್ಲ. ಸಾವಿರಾರು ಜನರು ಒಮ್ಮೆಗೇ ಸೇರುವ ಕ್ಷೇತ್ರದಲ್ಲಿ, ಮೊದಲೇ ಗೊಜ್ಜನ್ನು ಕಾಯಿಸಿಟ್ಟುಕೊಂಡು ಬೇಕಾದಷ್ಟು ಅನ್ನಕ್ಕೆ ಕಲಸಿಕೊಡುವ ಅನುಕೂಲವು ಸಣ್ಣದಲ್ಲ. ಫಾಲ್ಗುಣದ ವೈರಮುಡಿ ಉತ್ಸವಕ್ಕೆ ಬಂದು ಬೆಟ್ಟವಿಳಿದು ಎತ್ತಿನ ಗಾಡಿಯಲ್ಲಿ ಊರಿಗೆ ಹಿಂದಿರುಗುತ್ತಿದ್ದ ಒಕ್ಕಲಿಗನು ಮನೆಯವರೆಗೂ ಕೆಡದಂತೆ ಒಯ್ಯಬಹುದಾಗಿದ್ದ ಪ್ರಸಾದವು ಇದು. ಪ್ರಸಾದವು ಎಲ್ಲಿಯವರೆಗೆ ಹೋಗುವುದೋ ಕ್ಷೇತ್ರದ ಕೀರ್ತಿಯೂ ಅಲ್ಲಿಯವರೆಗೆ ಹೋಗುತ್ತದೆ.

ಆದರೂ ಇಷ್ಟರಿಂದ ಅಯ್ಯಂಗಾರರ ಹೆಸರು ಇದಕ್ಕೆ ಅಂಟಿಕೊಳ್ಳಬೇಕಾಗಿರಲಿಲ್ಲ. ಹುಳಿಯನ್ನವು ತಮಿಳುನಾಡಿನ ವಿಷ್ಣುದೇವಾಲಯಗಳಲ್ಲಿಯೂ ಉಂಟು. ಮಾಧ್ವ ಸ್ಮಾರ್ತರ ಮನೆಗಳಲ್ಲಿಯೂ ಇತರ ಕನ್ನಡಿಗರ ಮನೆಗಳಲ್ಲಿಯೂ ಉಂಟು. ಕ್ಷೇತ್ರದ ಹೆಸರು ಜಾತಿಯ ಹೆಸರಾಗಿ ಮಾರ್ಪಟ್ಟುದು ಪಟ್ಟಣಗಳಲ್ಲಿ. ೧೯ನೆಯ ಶತಮಾನದ ಉತ್ತರಾರ್ಧದಿಂದ ಇಂಗ್ಲಿಷ್ ವಿದ್ಯೆಯನ್ನೂ ಸರ್ಕಾರದ ಉದ್ಯೋಗವನ್ನೂ ಅರಸಿ ಈ ಸೀಮೆಯ ಶ್ರೀವೈಷ್ಣವರು ಮೈಸೂರು ಬೆಂಗಳೂರುಗಳಿಗೆ ಹೋದರು. ಅಲ್ಲಿ ನಾನಾ ಜಾತಿಯ ನೆರೆಹೊರೆಯವರ ನಡುವೆ ಪ್ರತಿಯೊಬ್ಬರ ಅಡಿಗೆಯೂ ಅವರ ಗುರುತಾಯಿತು. ವ್ಯಾಪಾರವು ಈ ಗುರುತನ್ನು ಬೇಗನೆ ಹಿಡಿದುಕೊಂಡಿತು. ೧೮೯೮ರಲ್ಲಿ ಬೆಂಗಳೂರಿನಲ್ಲಿ ಹಾಸನದ ಕಡೆಯ ತಿರುಮಲಾಚಾರ್ ಎಂಬವರು ಆರಂಭಿಸಿದರೆನ್ನುವ ಬೇಕರಿಯ ಮಾದರಿಯಿಂದ, ಪರದೇಶದ ರೊಟ್ಟಿಗೂ ‘ಅಯ್ಯಂಗಾರ್’ ಎಂಬ ವಿಶೇಷಣ ಸೇರಿತು. ಇಲ್ಲಿ ಆ ಶಬ್ದದ ಅರ್ಥವು ಮತವಲ್ಲ. ಮಡಿಯಾದ, ಮೊಟ್ಟೆಯಿಲ್ಲದ ಪದಾರ್ಥವೆಂಬ ಭರವಸೆ. ಪುಳಿಯೋಗರೆಯ ಪುಡಿಯೂ ಗೊಜ್ಜೂ ಅಂಗಡಿಗೆ ಬಂದಾಗ ಅದೇ ವಿಶೇಷಣವು ಅವುಗಳ ಮೇಲೆಯೂ ಮುದ್ರಿತವಾಯಿತು. ಆದರೆ ಈ ಪುಡಿಯನ್ನು ದೂರದೂರಕ್ಕೆ ಮುಟ್ಟಿಸಿದ ಸಂಸ್ಥೆಗಳಲ್ಲಿ ಪ್ರಮುಖವಾದ ಎಂ.ಟಿ.ಆರ್. ೧೯೨೪ರಲ್ಲಿ ಉಡುಪಿಯ ಕಡೆಯ ಮಯ್ಯ ಸಹೋದರರಿಂದ ಸ್ಥಾಪಿತವಾದುದು. ಅದರ ಆಹಾರೋದ್ಯಮವು ೨೦೦೭ರಲ್ಲಿ ನಾರ್ವೆ ದೇಶದ ಆರ್ಕ್ಲಾ ಎಂಬ ಕಂಪೆನಿಗೆ ಸೇರಿತು.

ಇದೇ ಕ್ರಮವನ್ನು ಬೇರೊಂದು ಖಂಡದಲ್ಲಿಯೂ ಕಾಣಬಹುದು. ಅಮೆರಿಕದ ಯೂಟಾ ಪ್ರಾಂತದಲ್ಲಿ ಹೆಚ್ಚಾಗಿ ನೆಲಸಿರುವ ಮಾರ್ಮನ್ನರೆಂಬ ಕ್ರೈಸ್ತಪಂಥದವರಿಗೂ, ಪ್ರಾಣಿಗಳ ಎಲುಬು ಚರ್ಮಗಳಿಂದ ತೆಗೆದ ಜೆಲಾಟಿನ್ ಎಂಬ ವಸ್ತುವಿನಿಂದಾಗುವ ಜೆಲ್ಲೋ ಎಂಬ ಸಿಹಿತಿಂಡಿಗೂ ಇಂಥದೇ ನಂಟು. ಆ ತಿಂಡಿಯನ್ನು ೧೮೯೭ರಲ್ಲಿ ಕಲ್ಪಿಸಿದ ಪರ್ಲ್ ವೇಟ್ ಎಂಬವನು ನ್ಯೂಯಾರ್ಕ್ ಪ್ರಾಂತದ ಲೀರಾಯ್ ಊರಿನವನು; ಮಾರ್ಮನ್ ಮತಕ್ಕೂ ಅದಕ್ಕೂ ಹುಟ್ಟಿನ ಸಂಬಂಧವಿಲ್ಲ. ಆದರೆ ದೊಡ್ಡ ಸಂಸಾರಗಳು, ಸಭೆಯ ಸಾಮೂಹಿಕ ಭೋಜನಗಳು, ಮದ್ಯ ಕಾಫಿ ಟೀಗಳ ನಿಷೇಧದಿಂದ ಸಿಹಿಯ ಕಡೆ ತಿರುಗಿದ ರುಚಿ, ಇವುಗಳಿಗೆ ಅಗ್ಗವಾದ, ಸುಲಭವಾಗಿ ಹಂಚಬಹುದಾದ ಈ ತಿಂಡಿ ಒಗ್ಗಿತು. ಹೊರಗಿನವರು ಪರಿಹಾಸ್ಯವಾಗಿ ಆಡಿದ ಮಾತನ್ನು ಒಳಗಿನವರೇ ಅಭಿಮಾನದಿಂದ ಒಪ್ಪಿಕೊಂಡು, ೨೦೦೧ರಲ್ಲಿ ಯೂಟಾದ ಶಾಸನಸಭೆಯು ಅದನ್ನು ಪ್ರಾಂತದ ಪ್ರಿಯತಿಂಡಿಯೆಂದು ನಿರ್ಣಯಮಾಡಿತು. ಶಾಸ್ತ್ರವಿಧಿಗಿಂತ ಪಂಕ್ತಿಯ ಅನುಕೂಲವೂ, ಆಮೇಲೆ ಪರರ ಮಾತೂ ಪೇಟೆಯೂ ಸೇರಿ ಆಹಾರಕ್ಕೆ ಜನಾಂಗದ ಹೆಸರನ್ನಿಡುತ್ತವೆಂಬುದಕ್ಕೆ ಇದು ಸ್ಪಷ್ಟವಾದ ನಿದರ್ಶನ. ಭೇದವೂ ಒಂದುಂಟು: ಜೆಲ್ಲೋ ಕಾರ್ಖಾನೆಯಿಂದ ಪಂಕ್ತಿಗೆ ಬಂದಿತು, ಪುಳಿಯೋಗರೆ ಪಂಕ್ತಿಯಿಂದ ಕಾರ್ಖಾನೆಗೆ ಹೋಯಿತು.

ಈ ಭೇದದಲ್ಲಿಯೇ ವಿಚಾರಮಾಡತಕ್ಕ ಅಂಶವಿದೆ. ಹಿಂದುಳಿಸಲ್ಪಟ್ಟಿದ್ದ ಜನರನ್ನು ರಾಮಾನುಜರು ತಿರುಕುಲತ್ತಾರೆಂದು ಕರೆದು, ಮೇಲುಕೋಟೆಯ ದೇವಾಲಯದಲ್ಲಿ ವರ್ಷಕ್ಕೆ ಮೂರು ದಿನಗಳ ಪ್ರವೇಶವನ್ನು ಕಲ್ಪಿಸಿದರೆಂಬುದು ಕ್ಷೇತ್ರದ ಪ್ರಸಿದ್ಧ ಸಂಪ್ರದಾಯ. ಎಲ್ಲರಿಗೂ ದೇವಾಲಯಪ್ರವೇಶವನ್ನು ಕೊಡುವ ಕಾನೂನು ಬರುವ ಬಹು ಮುಂಚೆಯೇ ಈ ಪದ್ಧತಿ ನಡೆಯುತ್ತಿತ್ತು. ಮೂರೇ ದಿನಗಳೆಂಬುದರಲ್ಲಿ ಅದರ ಮಿತಿಯೂ ಕಾಣುತ್ತದೆ. ಪ್ರಸಾದವೆಂಬುದು ಸ್ವಭಾವತಃ ಕೊಡುವ ವಸ್ತು. ಅದನ್ನು ಉಂಡವರು ಒಂದು ಜಾತಿಯವರಲ್ಲ. ಭತ್ತವನ್ನೂ ಎಳ್ಳನ್ನೂ ಬೆಳೆದು ಹುಣಸೆಯನ್ನು ಬಡಿದು ತಂದವರು ಸುತ್ತಣ ಹಳ್ಳಿಗಳ ರೈತರು. ‘ಮೇಲುಕೋಟೆಯ ಪುಳಿಯೋಗರೆ’ಯೆಂಬ ಹೆಸರಿನಲ್ಲಿ ಇವರೆಲ್ಲರಿಗೂ ಸ್ಥಳವಿದೆ, ‘ಅಯ್ಯಂಗಾರ್ ಪುಳಿಯೋಗರೆ’ಯೆಂಬ ಹೆಸರಿನಲ್ಲಿ ಮಡಪ್ಪಳ್ಳಿಯ ಕೈ ಮಾತ್ರ ಕಾಣುತ್ತದೆ. ಆ ಕೈಯ ನೈಪುಣ್ಯವು ಗೌರವಾರ್ಹವೆಂಬುದರಲ್ಲಿ ಸಂದೇಹವಿಲ್ಲ. ತಲೆಮಾರುಗಳಿಂದ ಆ ರುಚಿಯನ್ನು ಉಳಿಸಿದವರು ಅವರು. ಆದರೆ ರುಚಿಯನ್ನು ಉಳಿಸಿದವರ ಹೆಸರೊಂದನ್ನೇ ಇಟ್ಟುಕೊಂಡು, ಅದನ್ನು ಬೆಳೆದವರನ್ನೂ ಹಂಚಿಕೊಂಡು ಉಂಡವರನ್ನೂ ಮರೆತರೆ ಈ ಭಕ್ಷ್ಯದ ಇತಿಹಾಸವು ಅರ್ಧವಾಗುತ್ತದೆ.