ಸೇಂಟ್ ಹೆಲೆನಾದ ನೆಲಜೀರುಂಡೆ: ಒಂದು ನೆಲೆಯ ಇತಿಹಾಸ

ಸೇಂಟ್ ಹೆಲೆನಾ ಎಂದೊಡನೆ ಇತಿಹಾಸದ ವಿದ್ಯಾರ್ಥಿಗೆ ನೆನಪಾಗುವುದು 1815ರಿಂದ 1821ರವರೆಗೆ ಅಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್. ದಕ್ಷಿಣ ಅಟ್ಲಾಂಟಿಕ್ ಸಾಗರದ ಈ ದ್ವೀಪಕ್ಕೆ ಅವನಿಗಿಂತ ಬಹು ಪುರಾತನವಾದ ನಿವಾಸಿಯೊಂದು ಇತ್ತು. ಅದು ಆಪ್ಲೋಥೊರ್ಯಾಕ್ಸ್ ಬರ್ಚೆಲ್ಲಿ ಎಂಬ ನೆಲಜೀರುಂಡೆ. ಸುಮಾರು ಒಂದೂವರೆ ಅಂಗುಲ ಉದ್ದದ, ಹಾರಲಾರದ ಈ ಬೇಟೆಗಾರ ಕೀಟವು ಪ್ರಪಂಚದ ಬೇರಾವ ಭಾಗದಲ್ಲಿಯೂ ಕಂಡುಬಂದಿಲ್ಲ. ಅದರ ಅವನತಿಯನ್ನು ಅರಿಯಲು ಪ್ರಾಣಿಶಾಸ್ತ್ರದ ಗ್ರಂಥಗಳಷ್ಟೇ ಸಾಲವು. ದ್ವೀಪದ ಆಡಳಿತದ ದಾಖಲೆಗಳನ್ನೂ ನೋಡಬೇಕು ಎಂಬುದೇ ಈ ಲೇಖನದ ಪ್ರತಿಪಾದ್ಯ.

ದ್ವೀಪದ ಪೂರ್ವಭಾಗದ ಬಯಲುಗಳೇ ಈ ಕೀಟದ ನೆಲೆ. ಅಲ್ಲಿ ಒಂದು ಕಾಲದಲ್ಲಿ ‘ಮಹಾವನ’ವೆಂದು ಕರೆಯಲಾಗುತ್ತಿದ್ದ ಕಾಡು ಹಬ್ಬಿತ್ತು. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಗಮ್‌ವುಡ್ ಎಂಬ ಮರಗಳೇ ಅಲ್ಲಿ ಪ್ರಧಾನವಾಗಿದ್ದವು. ಹದಿನಾರನೆಯ ಶತಮಾನದ ಆದಿಯಲ್ಲಿ ಪೋರ್ಚುಗೀಸರು ಆಡುಗಳನ್ನು ತಂದುಬಿಟ್ಟರು. ಅವು ಎಳೆಯ ಸಸಿಗಳನ್ನು ಮೇದುದರಿಂದ ಮುದಿಮರಗಳು ಬಿದ್ದಾಗ ಅವುಗಳ ಸ್ಥಾನವನ್ನು ತುಂಬುವ ಮರಗಳೇ ಇಲ್ಲದಂತಾಯಿತು. 1659ರಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯು ಅಲ್ಲಿ ನೆಲೆಸಿದ ಮೇಲೆ ಸೌದೆಗಾಗಿಯೂ ಚರ್ಮ ಹದಮಾಡುವ ತೊಗಟೆಗಾಗಿಯೂ ಮರಗಳ ನಾಶ ಹೆಚ್ಚಿತು. 1836ರಲ್ಲಿ ದ್ವೀಪಕ್ಕೆ ಬಂದ ಡಾರ್ವಿನ್ನನು ಹಳೆಯ ದಾಖಲೆಗಳನ್ನು ಆಧರಿಸಿ, 1716ರಲ್ಲಿಯೂ ಇದ್ದ ಮಹಾವನದ ಹಳೆಯ ಮರಗಳು 1724ರ ಹೊತ್ತಿಗೆ ಬಹುಮಟ್ಟಿಗೆ ಉರುಳಿದ್ದವೆಂದು ಬರೆದಿದ್ದಾನೆ. ಬಿಡಾಡಿ ಪಶುಗಳನ್ನು ಕೊಲ್ಲುವ ಆಜ್ಞೆ ಹೊರಟದ್ದು 1731ರಲ್ಲಿ. ನೆಪೋಲಿಯನ್ ವಾಸವಾಗಿದ್ದ ಲಾಂಗ್‌ವುಡ್ ಈ ಕಾಡಿನ ಭೂಮಿಯಲ್ಲಿಯೇ ಇದೆ.

ಇನ್ನು ಕಾಲಕ್ರಮವನ್ನು ಗಮನಿಸಬೇಕು. ಜೀರುಂಡೆಗೆ ಹೆಸರು ತಂದ ಬರ್ಚೆಲ್ ದ್ವೀಪದಲ್ಲಿದ್ದುದು 1805ರಿಂದ 1810ರವರೆಗೆ. ದ್ವೀಪದ ಜೀರುಂಡೆಗಳನ್ನು ಕುರಿತ ವೊಲಾಸ್ಟನ್ನನ ಗ್ರಂಥ ಪ್ರಕಟವಾದದ್ದು 1877ರಲ್ಲಿ. ಎಂದರೆ, ವಿಜ್ಞಾನವು ಈ ಜೀವಿಯನ್ನು ಗುರುತಿಸುವ ವೇಳೆಗೆ ಅದರ ಕಾಡು ಅಳಿದು ಸುಮಾರು ಒಂದು ಶತಮಾನವೇ ಕಳೆದಿತ್ತು. ವಿದ್ವಾಂಸರು ಕಂಡದ್ದು ಒಣ ಬಯಲಿನಲ್ಲಿ ಅಳಿದುಳಿದ ಸಂತತಿಯನ್ನು. ಅದನ್ನು ಮರುಭೂಮಿಯ ಕೀಟವೆಂದೇ ಭಾವಿಸಿದರೆ ಇತಿಹಾಸವನ್ನು ಮರೆತಂತಾಗುತ್ತದೆ.

ಅವನತಿಗೆ ಕಾಡಿನ ನಾಶವೊಂದೇ ಕಾರಣವೆನ್ನಲಾಗದು. ಹೊರಗಿನಿಂದ ಬಂದ ಇಲಿ, ಹೆಗ್ಗಣ, ಶತಪದಿಗಳ ಪಾಲೂ ಇದ್ದಿರಬೇಕು. 1960ರ ದಶಕದಲ್ಲಿ ಬೆಲ್ಜಿಯಂ ದೇಶದ ಪ್ರಾಣಿಶಾಸ್ತ್ರಜ್ಞರು ದ್ವೀಪವನ್ನು ಶೋಧಿಸಿದರು. 1967ರ ತರುವಾಯ ಈ ಜೀರುಂಡೆ ಸಜೀವವಾಗಿ ಕಂಡುಬಂದಿಲ್ಲ. 2000ದಿಂದ ಮಹಾವನವಿದ್ದ ಭೂಮಿಯಲ್ಲಿ ಗಮ್‌ವುಡ್ ಸಸಿಗಳನ್ನು ಮತ್ತೆ ನೆಡಲಾಗುತ್ತಿದೆ. ಮರಗಳು ಮರಳುತ್ತಿವೆ, ಅವುಗಳ ಬುಡದಲ್ಲಿ ಬೇಟೆಯಾಡುತ್ತಿದ್ದ ಜೀವಿ ಮರಳಿಲ್ಲ. ಸೌದೆ, ತೊಗಟೆ, ಆಡುಗಳನ್ನು ಕುರಿತ ಹಳೆಯ ಕಡತಗಳನ್ನು ಇತಿಹಾಸದ ವಿದ್ಯಾರ್ಥಿಯು ಈ ದೃಷ್ಟಿಯಿಂದಲೂ ಓದುವುದು ಅವಶ್ಯ.