ಗುಂಟೆ ಜಾರಿ ಎಕರೆಯಾಗದಂತೆ: ಕಾಲಂಗಳನ್ನು ಕಟ್ಟಿಹಾಕಿದ ಕಥೆ

ಬಂಗಾರಪೇಟೆಯಲ್ಲಾಗಲಿ, ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಾಗಲಿ, ಡಿಟಿಪಿ ಅಂಗಡಿಯಲ್ಲಿ ಅರ್ಜಿ ಮಾಡಿಸಿದವರಿಗೆ ಈ ತಾಪತ್ರಯ ಗೊತ್ತಿರುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ ನೆಟ್ಟಗಿದ್ದ ಟೇಬಲ್ಲು ಇನ್ನೊಂದು ಕಂಪ್ಯೂಟರಿನಲ್ಲಿ ತೆಗೆದ ಕೂಡಲೇ ಸೊಟ್ಟಗಾಗುತ್ತದೆ. ಮೇಲಿದ್ದ ಫೋಟೋ ಕೆಳಗಿನ ಪುಟಕ್ಕೆ ಹಾರಿರುತ್ತದೆ.

ಇದು ಅಂದಚಂದದ ಮಾತಲ್ಲ. 40 ಗುಂಟೆಗೆ ಒಂದು ಎಕರೆ. 2 ಎಕರೆ 10 ಗುಂಟೆ ಎಂದಿರುವಲ್ಲಿ ಒಂದು ಕಾಲಂ ಜಾರಿದರೆ 10 ಎಕರೆ ಎಂದು ಓದಿಕೊಳ್ಳುತ್ತದೆ. ಹೆಸರೊಂದು ಸಾಲಿನಲ್ಲಿ, ಹಣ ಇನ್ನೊಂದು ಸಾಲಿನಲ್ಲಿ ಬಿದ್ದರೆ ಒಬ್ಬರ ಲೆಕ್ಕ ಇನ್ನೊಬ್ಬರದಾಗುತ್ತದೆ. ಹಾಗಾಗಿ ಅಂಕಿಯನ್ನೂ ಚಿತ್ರವನ್ನೂ ಅದರದರ ಜಾಗದಲ್ಲಿ ನಿಲ್ಲಿಸುವ ಕೆಲಸಕ್ಕೆ ದೊಡ್ಡ ಚರಿತ್ರೆಯೇ ಇದೆ.

ಶಾನುಭೋಗರ ಕಡತ

ಹಳೇ ಮೈಸೂರಿನ ಶಾನುಭೋಗರು ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಮಡಚಿ, ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಅದೇ ಕಡತ. ಇವತ್ತು ಆಫೀಸಿನ ಫೈಲಿಗೆ ನಾವು ಹೇಳುವುದೂ ಅದೇ ಮಾತು. ಅಲ್ಲಿ ಅಂಕಿ ಬರೆದಲ್ಲೇ ಇರುತ್ತಿತ್ತು. ಒರೆಸಬಹುದಿತ್ತು, ತಿದ್ದಬಹುದಿತ್ತು, ಆದರೆ ತಾನಾಗಿ ಜಾರುತ್ತಿರಲಿಲ್ಲ.

1961ರ ಕಾಯ್ದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು, ಗ್ರಾಮ ಲೆಕ್ಕಿಗರು ಬಂದರು. ಅವರ ಕೈಯಲ್ಲಿದ್ದ ಪಹಣಿಯೂ ಕಾಲಂಗಳದ್ದೇ: ಸರ್ವೆ ನಂಬರ್, ವಿಸ್ತೀರ್ಣ, ಖರಾಬು, ಮಾಲೀಕರ ಹೆಸರು, ಬೆಳೆ, ಸಾಲ. ಜಮೀನಿನ ನಕ್ಷೆ ಮಾತ್ರ ಬೇರೆ ದಾಖಲೆ. ಎರಡನ್ನೂ ಒಂದೇ ಗೂಟಕ್ಕೆ ಕಟ್ಟಿದ್ದು ಸರ್ವೆ ನಂಬರ್. ಈ ಗೂಟದ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕಲ್ಲು, ಸೀಸ, ಟೈಪ್‌ರೈಟರ್

1843ರಲ್ಲಿ ಮಂಗಳೂರಿನಲ್ಲಿ ಹೊರಟ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. ಕಲ್ಲಚ್ಚಿನಲ್ಲಿ ಅಕ್ಷರವೂ ಚಿತ್ರವೂ ಒಂದೇ ಬಂಡೆಯ ಮೇಲೆ ಮೂಡುತ್ತವೆ. ಜಾರುವ ಪ್ರಶ್ನೆಯೇ ಇಲ್ಲ.

ಅಚ್ಚುಮೊಳೆ ಬಂದಾಗ ತೊಡಕು ಶುರುವಾಯಿತು. ಪ್ರತಿ ಅಕ್ಷರವೂ ಬಿಡಿ ಬಿಡಿ ಸೀಸದ ತುಂಡು. ಕಾಲಂಗೆ ಲೋಹದ ಪಟ್ಟಿ, ಚಿತ್ರಕ್ಕೆ ಬ್ಲಾಕು, ಖಾಲಿ ಜಾಗಕ್ಕೆ ಮರದ ತುಂಡು. ಎಲ್ಲವನ್ನೂ ಕಬ್ಬಿಣದ ಚೌಕಟ್ಟಿನೊಳಗೆ ಇಟ್ಟು ಬಿಗಿಯಬೇಕು. ಒಂದು ಕಡೆ ಸಡಿಲ ಬಿದ್ದರೆ ಜೋಡಿಸಿದ್ದೆಲ್ಲ ಕುಸಿಯುತ್ತದೆ. ಇಲ್ಲಿ ಖಾಲಿ ಜಾಗವೂ ಒಂದು ವಸ್ತು, ಅದಕ್ಕೂ ಅಳತೆಯಿದೆ.

ಟೈಪ್‌ರೈಟರಿನಲ್ಲಿ ಈ ಕೆಲಸಕ್ಕೆ ಟ್ಯಾಬ್ ಕೀಲಿ ಇತ್ತು. ಅದು ಹುಟ್ಟಿದ್ದೇ ಪಟ್ಟಿ ಹೊಡೆಯುವುದಕ್ಕೆ. ಒತ್ತಿದರೆ ಮೊದಲೇ ಗೊತ್ತುಮಾಡಿದ ಜಾಗದಲ್ಲಿ ಗಾಡಿ ನಿಲ್ಲುತ್ತಿತ್ತು. ಇಂದಿನ ಕೀಬೋರ್ಡಿನ ಟ್ಯಾಬ್ ಅದರ ಮೊಮ್ಮಗ.

ಕಂಪ್ಯೂಟರಿನಲ್ಲಿ ಗೂಟ ಕಿತ್ತದ್ದು

1978ರಲ್ಲಿ ವರ್ಡ್‌ಸ್ಟಾರ್, 1983ರಲ್ಲಿ ಮೈಕ್ರೋಸಾಫ್ಟ್ ವರ್ಡ್ ಬಂದವು. ಇವುಗಳಲ್ಲಿ ಪುಟವೆಂಬುದು ಗಟ್ಟಿಯಾದ ವಸ್ತುವಲ್ಲ. ಬರಹವೆಲ್ಲ ದಾರಕ್ಕೆ ಪೋಣಿಸಿದ ಮಣಿಗಳಂತೆ. ಮೇಲೆ ಒಂದು ಸಾಲು ಸೇರಿಸಿದರೆ ಕೆಳಗಿನದೆಲ್ಲ ಸರಿಯುತ್ತದೆ. ಚಿತ್ರವನ್ನು ಎಲ್ಲಿ ಬೇಕಾದರೂ ಎಳೆದು ಬಿಟ್ಟರೂ, ಒಳಗೆ ಅದು ಯಾವುದೋ ಒಂದು ಪ್ಯಾರಾಕ್ಕೆ ಕಟ್ಟಿಕೊಂಡಿರುತ್ತದೆ. ವರ್ಡ್‌ನಲ್ಲಿ ಅದಕ್ಕೆ ಆ್ಯಂಕರ್ ಎನ್ನುತ್ತಾರೆ, ಲಂಗರು. ಆ ಪ್ಯಾರಾ ಮುಂದಿನ ಪುಟಕ್ಕೆ ಹೋದರೆ ಚಿತ್ರವೂ ಹಿಂದೆಯೇ ಹೋಗುತ್ತದೆ.

ಕನ್ನಡಕ್ಕೆ ಇನ್ನೊಂದು ತೊಂದರೆ ಸೇರಿಕೊಂಡಿತು. 1998ರಲ್ಲಿ ಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಹೀಗೆ ಒಂದೊಂದು ತಂತ್ರಾಂಶಕ್ಕೂ ತನ್ನದೇ ಫಾಂಟು. ಹಳೆಯ ಫಾಂಟುಗಳಲ್ಲಿ ಕಂಪ್ಯೂಟರಿಗೆ ಗೊತ್ತಿದ್ದದ್ದು ಇಂಗ್ಲಿಷ್ ಅಕ್ಷರ, ಮೇಲೆ ತೊಡಿಸಿದ್ದು ಕನ್ನಡದ ವೇಷ. ಆ ಫಾಂಟಿಲ್ಲದ ಕಡೆ ತೆಗೆದರೆ ವೇಷ ಕಳಚಿ, ಅಕ್ಷರದ ಅಗಲ ಬದಲಾಗಿ, ಸಾಲು ಮುರಿದು, ಟೇಬಲ್ಲು ಚೆದುರುತ್ತಿತ್ತು. ಯೂನಿಕೋಡ್ ಬಂದ ಮೇಲೆ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ. ಆದರೂ ಫಾಂಟು ಬದಲಾದರೆ ಅಗಲ ಬದಲಾಗುವುದು ತಪ್ಪಿಲ್ಲ.

ಒಂದೇ ಕಾಲದ ಎರಡು ಸಂಗತಿ

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಗಣಿಗಳ ಕಥೆ ಅಲ್ಲಿಗೆ ನಿಂತಿತು. ಕೆಲಸ ಕಳೆದುಕೊಂಡವರ ಬಾಕಿ ಹಣ, ಲೈನ್ ಮನೆಗಳ ಹಕ್ಕು, ಇವಕ್ಕೆಲ್ಲ ವರ್ಷಗಟ್ಟಲೆ ಅರ್ಜಿ, ಪಟ್ಟಿ, ಕೋರ್ಟು ನಡೆದವು. ಅಂಥ ಪಟ್ಟಿಯಲ್ಲಿ ಒಂದು ಸಾಲೆಂದರೆ ಒಂದು ಮನೆ.

ಅದೇ ಹೊತ್ತಿಗೆ ರಾಜ್ಯದಲ್ಲಿ ಭೂಮಿ ಯೋಜನೆ ನಡೆದಿತ್ತು. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಕೆಜಿಎಫ್ ಆಗಿನ್ನೂ ಬಂಗಾರಪೇಟೆ ತಾಲ್ಲೂಕಿನಲ್ಲೇ ಇತ್ತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಸಿಗುವಂತಾಯಿತು. ಈ ಪಹಣಿ ವರ್ಡ್ ಫೈಲಲ್ಲ. ವಿಸ್ತೀರ್ಣ, ಹೆಸರು, ಬೆಳೆ ಒಂದೊಂದೂ ತನ್ನ ಖಾನೆಯಲ್ಲಿ, ಸರ್ವೆ ನಂಬರೆಂಬ ಗೂಟಕ್ಕೆ ಕಟ್ಟಿಕೊಂಡು ಡೇಟಾಬೇಸಿನಲ್ಲಿ ಕೂತಿವೆ. ಕಾಲಂಗಳಾಗಿ ಜೋಡಿಸುವುದು ಪ್ರಿಂಟ್ ಕೊಡುವ ಹೊತ್ತಿಗೆ ಮಾತ್ರ. ಆದ್ದರಿಂದ ಗುಂಟೆ ಜಾರಿ ಎಕರೆಯ ಕಾಲಂಗೆ ಬೀಳುವುದಿಲ್ಲ. ಬರೆದದ್ದೇ ತಪ್ಪಿದ್ದರೆ ಮಾತ್ರ ತಪ್ಪು ಬರುತ್ತದೆ, ಅದು ಬೇರೆ ಜಗಳ.

ನಮ್ಮ ಕಾಗದಕ್ಕೆ

ಚರಿತ್ರೆ ಹೇಳುವುದಿಷ್ಟೇ: ಜಾಗ ಬಿಟ್ಟರೆ ಸಾಲದು, ಕಟ್ಟಬೇಕು. ಸಂಘದ ಲೆಕ್ಕವಿರಲಿ, ಗ್ರಾಮಸಭೆಯ ಅರ್ಜಿಯಿರಲಿ, ಡಿಟಿಪಿ ಅಂಗಡಿಯಲ್ಲಿ ಇವನ್ನು ಕೇಳಿ ಮಾಡಿಸಿ:

- ಸ್ಪೇಸ್ ಬಾರ್ ಒತ್ತಿ ಒತ್ತಿ ಕಾಲಂ ಮಾಡುವುದು ಬೇಡ. ಇನ್ಸರ್ಟ್‌ನಲ್ಲಿ ಟೇಬಲ್ ಹಾಕಿಸಿ, ಕಾಲಂ ಅಗಲವನ್ನು ಫಿಕ್ಸ್ಡ್ ಮಾಡಿಸಿ.
- ಪಟ್ಟಿ ಉದ್ದವಿದ್ದರೆ ‘ರಿಪೀಟ್ ಹೆಡರ್ ರೋಸ್’ ಇರಲಿ. ಆಗ ಪ್ರತಿ ಪುಟದಲ್ಲೂ ತಲೆಬರಹದ ಸಾಲು ಬರುತ್ತದೆ.
- ಫೋಟೋಗೆ ‘ಇನ್ ಲೈನ್ ವಿತ್ ಟೆಕ್ಸ್ಟ್’ ಆರಿಸಿ, ಅಥವಾ ಟೇಬಲ್ಲಿನ ಒಂದು ಖಾನೆಯೊಳಗೇ ಕೂರಿಸಿ.
- ಅಕ್ಷರ ಯೂನಿಕೋಡ್ ಆಗಿರಲಿ.
- ಕೊನೆಗೆ ಪಿಡಿಎಫ್ ಮಾಡಿಸಿ, ಅದನ್ನೇ ಕಳಿಸಿ. ತಿದ್ದುವುದಕ್ಕೆ ವರ್ಡ್ ಫೈಲು ನಿಮ್ಮ ಹತ್ತಿರ ಇರಲಿ.

ಪಿಡಿಎಫ್ 1993ರಲ್ಲಿ ಬಂದದ್ದು. ಒಂದು ರೀತಿಯಲ್ಲಿ ಅದು ಮಂಗಳೂರಿನ ಕಲ್ಲಚ್ಚೇ: ಮೂಡಿದ್ದು ಮೂಡಿದಲ್ಲೇ ಇರುತ್ತದೆ. ಸಹಿ ಹಾಕುವ ಮುಂಚೆ ಮೊಬೈಲಿನಲ್ಲಿ ಒಮ್ಮೆ ತೆರೆದು, ನಿಮ್ಮ ಹೆಸರಿನ ಸಾಲಿನ ಮೇಲೆ ಬೆರಳಿಟ್ಟು ಕೊನೆಯ ಕಾಲಂವರೆಗೆ ಓದಿ ನೋಡಿ.