ಹಡಗಲಿ ಸೀಮೆಯ ತೋಟಗಾರಿಕೆ ಮತ್ತು ಕೃಷಿ ವಿಶ್ವವಿದ್ಯಾಲಯಗಳ ವಿಸ್ತರಣಾ ಕಾರ್ಯ: ಒಂದು ಚಾರಿತ್ರಿಕ ಟಿಪ್ಪಣಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಕೃಷಿಚರಿತ್ರೆಯನ್ನು ತುಂಗಭದ್ರಾ ಜಲಾಶಯದ ಕಥೆಯೊಳಗೆ ಸೇರಿಸಿ ಹೇಳುವುದು ವಾಡಿಕೆಯಾಗಿದೆ. ಆದರೆ 1953ರಲ್ಲಿ ಕಾಲುವೆಯ ನೀರು ಹರಿದುದು ಅಣೆಕಟ್ಟಿನ ಕೆಳಗಿನ ಬಳ್ಳಾರಿ, ಸಿರುಗುಪ್ಪಗಳ ಕಡೆಗೆ. ಹಡಗಲಿ, ಹಗರಿಬೊಮ್ಮನಹಳ್ಳಿಗಳ ನದೀತೀರದ ಪಾಲಿಗೆ ಬಂದುದು ಹಿನ್ನೀರು. ಬಹುಮಟ್ಟಿಗೆ ಮಳೆಯನ್ನೇ ನಂಬಿ, ಮಸಾರಿ ನೆಲದಲ್ಲಿ ಶೇಂಗಾ, ಜೋಳ, ಈರುಳ್ಳಿ ಬೆಳೆಯುವ ಈ ಸೀಮೆಗೆ ಕೃಷಿ ವಿಜ್ಞಾನ ಯಾವ ದಾರಿಯಿಂದ ಬಂದಿತೆಂಬುದನ್ನು ಪ್ರತ್ಯೇಕವಾಗಿಯೇ ನೋಡಬೇಕಾಗುತ್ತದೆ.

ಮದ್ರಾಸ್ ಪ್ರಾಂತ್ಯದ ಆಡಳಿತವು 1906ರಲ್ಲಿ ಬಳ್ಳಾರಿಯ ಪೂರ್ವಕ್ಕಿರುವ ಹಗರಿಯಲ್ಲಿ ಕೃಷಿ ಸಂಶೋಧನಾ ಕ್ಷೇತ್ರವನ್ನು ತೆರೆಯಿತು. (ವೇದಾವತಿ ದಂಡೆಯ ಈ ಹಗರಿಗೂ ಚಿಕ್ಕಹಗರಿಯ ಹಗರಿಬೊಮ್ಮನಹಳ್ಳಿಗೂ ಹೆಸರಿನ ಸಾಮ್ಯ ಮಾತ್ರ.) ಅಲ್ಲಿಯ ಪ್ರಯೋಗಗಳು ಎರೆಭೂಮಿಯ ಹತ್ತಿ, ಜೋಳಗಳನ್ನು ಕುರಿತವು. 1954ರಲ್ಲಿ ಬಳ್ಳಾರಿಯಲ್ಲಿ ಆರಂಭವಾದ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರವೂ ಎರೆಭೂಮಿಯನ್ನೇ ಆಯ್ದುಕೊಂಡಿತು. ಮಸಾರಿಯ ರೈತನಿಗೆ ಅರ್ಧ ಶತಮಾನದವರೆಗೆ ದೊರೆತುದು ನೆರೆಮನೆಯ ವಿಜ್ಞಾನವೆಂದರೆ ಅತಿಶಯವಾಗದು.

ಅನಂತರದ ಕಾಲದ ತೊಡಕು ಬೇರೆಯದು. ಬೆಂಗಳೂರಿನಲ್ಲಿ 1964ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯದಿಂದ 1986ರಲ್ಲಿ ಧಾರವಾಡಕ್ಕೆ, ಅಲ್ಲಿಂದ 2008ರ ಬಳಿಕ ರಾಯಚೂರಿಗೆ ಬಳ್ಳಾರಿ ಜಿಲ್ಲೆ ವರ್ಗವಾಯಿತು. ಹರಪನಹಳ್ಳಿಯ ಅಲೆದಾಟ ಇನ್ನೂ ವಿಚಿತ್ರ: 1997ರಲ್ಲಿ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ದಾವಣಗೆರೆಯ ಕೃಷಿ ವಿಜ್ಞಾನ ಕೇಂದ್ರವನ್ನು ನಡೆಸುವುದು ತರಳಬಾಳು ಗ್ರಾಮೀಣಾಭಿವೃದ್ಧಿ ಸಂಸ್ಥೆ. ಬಳ್ಳಾರಿಯ ಕೇಂದ್ರವಿರುವುದು ವಿಶ್ವವಿದ್ಯಾಲಯದ ಅಧೀನದಲ್ಲಿ, ಅದೇ ಹಗರಿಯಲ್ಲಿ. ವಿಸ್ತರಣೆಯು ರೈತನ ಪರಿಚಯದ ಮೇಲೆ ನಿಂತ ಕೆಲಸ; ಕಡತದೊಡನೆ ಪರಿಚಯ ವರ್ಗವಾಗುವುದಿಲ್ಲ. ಈ ದೃಷ್ಟಿಯಿಂದ ಹಡಗಲಿಯಲ್ಲಿಯೇ ನೆಲೆಸಿರುವ ರಾಯಚೂರು ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ಶಿಕ್ಷಣ ಕೇಂದ್ರಕ್ಕೆ ವಿಶೇಷ ಮಹತ್ವವಿದೆ.

ಹಡಗಲಿಯ ಮಲ್ಲಿಗೆಯನ್ನು ಹಡಗಿನಲ್ಲಿ ವಿಜಯನಗರಕ್ಕೆ ಒಯ್ಯುತ್ತಿದ್ದುದರಿಂದ ಊರಿಗೆ ಈ ಹೆಸರಾಯಿತೆಂಬ ಐತಿಹ್ಯ ಪ್ರಸಿದ್ಧ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿಯೇ ಊರಿನ ಹೆಸರಿಗೆ ‘ಪೂವಿನ’ ಎಂಬ ವಿಶೇಷಣವಿರುವುದರಿಂದ, ಹೂವಿನ ನಂಟು ವಿಜಯನಗರಕ್ಕಿಂತ ಹಳೆಯದೆನ್ನಬೇಕು. ವಾಸನೆ ಮಲ್ಲಿಗೆ ಎಂದು ಕರೆಯಲಾಗುವ ಈ ಹೂವು ಸಸ್ಯಶಾಸ್ತ್ರದಲ್ಲಿ ಜಾಸ್ಮಿನಮ್ ಆರಿಕ್ಯುಲೇಟಮ್; ಉಡುಪಿ ಮಲ್ಲಿಗೆಯ ಜಾತಿಯೇ ಬೇರೆ. ಎಲೆ, ಮೊಗ್ಗುಗಳನ್ನು ಗಂಟುಕಟ್ಟಿಸುವ ನುಸಿ ಇದರ ದೊಡ್ಡ ಶತ್ರು. ಈ ನುಸಿಯನ್ನು ತಡೆದುಕೊಳ್ಳುವ ‘ಪಾರಿಮುಲ್ಲೈ’ ತಳಿಯನ್ನು ಕೊಟ್ಟದ್ದು ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯ. ಒಂದು ಕಾಲಕ್ಕೆ ಒಂದೇ ಪ್ರಾಂತ್ಯದಲ್ಲಿದ್ದ ಎರಡು ಊರುಗಳ ನಡುವೆ ಈಗ ರಾಜ್ಯದ ಗಡಿಯಿದೆ.

ಗಿಡ ಸವರುವುದು, ಗೊಬ್ಬರ, ನುಸಿಯ ಹತೋಟಿ ಇವೆಲ್ಲ ವಿಸ್ತರಣೆಗೆ ಒಗ್ಗುವ ಪಾಠಗಳು. ವ್ಯಾಪಾರ ಹಾಗಲ್ಲ. ಬೆಳಗಿನಲ್ಲಿ ಮೊಗ್ಗಾಗಿಯೇ ಬಿಡಿಸಬೇಕಾದ ಹೂವು ಅರಳಿದ ಮೇಲೆ ಬೆಲೆ ಕಳೆದುಕೊಳ್ಳುತ್ತದೆ. ದರ ನಿಲ್ಲುವುದು ಬೆಳೆಗಾರನ ಕೈಯಲ್ಲಲ್ಲ. ಹಗರಿಬೊಮ್ಮನಹಳ್ಳಿ ಕಡೆಯ ದಾಳಿಂಬೆಯಲ್ಲಿಯೂ ಇಂಥದೇ ಅನುಭವ. 2000ದ ದಶಕದಲ್ಲಿ ದುಂಡಾಣು ಅಂಗಮಾರಿ ಹರಡಿದಾಗ ವಿಜ್ಞಾನಿಗಳು ರೋಗಮುಕ್ತ ಸಸಿ, ಸವರುವಿಕೆ, ಗಿಡಗಳಿಗೆ ವಿಶ್ರಾಂತಿ ಎಂದು ಹೇಳಿದರು. ಸಾಲ ಮಾಡಿ ತೋಟವಿಟ್ಟವನಿಗೆ ಒಂದು ಹಂಗಾಮು ಫಸಲು ಬಿಡುವ ಸಲಹೆ ಬ್ಯಾಂಕಿನ ಕಂತಿನೆದುರು ನಿಲ್ಲುವಂಥದಾಗಿರಲಿಲ್ಲ.

ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಿಯ ಮಾನ್ಯತೆಯನ್ನು ಪಡೆದುಕೊಟ್ಟದ್ದು ರಾಜ್ಯ ತೋಟಗಾರಿಕೆ ಇಲಾಖೆ. ತೋಟಗಾರಿಕೆಯ ಉನ್ನತ ಶಿಕ್ಷಣ, ಸಂಶೋಧನೆಗಳಿಗೆಂದು 2008ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವಿರುವುದು ಬಾಗಲಕೋಟೆಯಲ್ಲಿ. ಊರಿನಲ್ಲಿರುವ ಕೇಂದ್ರವಾದರೋ ಕೃಷಿ ವಿಶ್ವವಿದ್ಯಾಲಯದ್ದು. ಉಳಿದ ಹೂವಿನಿಂದ ಸುಗಂಧದ್ರವ್ಯ ತೆಗೆಯುವ ಘಟಕ ಬೇಕೆಂದು ಬೆಳೆಗಾರರು ಬಹುಕಾಲದಿಂದ ಕೇಳುತ್ತಿರುವುದು ಈ ಮೂರರಲ್ಲಿ ಯಾವುದರ ಕೆಲಸವೆಂಬುದನ್ನು ಯಾವ ವ್ಯವಸ್ಥೆಯೂ ಸ್ಪಷ್ಟಪಡಿಸಿದಂತೆ ಕಾಣುವುದಿಲ್ಲ.